ಒಂದೇ ಉಸಿರಿನ ಅಧಿಕಾರ

ಚಿಂಬಲ್‌ನ ಇಂದಿರಾನಗರದಲ್ಲಿ ಭಾನುವಾರದ ಸಂಜೆಗೆ ಅದರದೇ ಆದ ಒಂದು ಸದ್ದಿದೆ. ವಾರವಿಡೀ ಕಟ್ಟಡದ ಕೆಲಸ, ಅಂಗಡಿ, ಮನೆಗೆಲಸ, ಆಸ್ಪತ್ರೆಯ ಪಾಳಿ ಎಂದು ದಿಕ್ಕಿಗೊಬ್ಬರಾಗಿ ಚದುರಿದ ನಮ್ಮ ಮಂದಿ ಅಂದು ಒಂದೆಡೆ ಸೇರುತ್ತಾರೆ. ಕೆಮ್ಮಣ್ಣಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು ಹುಡುಗರು ಕಬಡ್ಡಿಗೆ ಇಳಿಯುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದಶಕಗಳ ಹಿಂದೆ ಬಂದು ನೆಲೆಸಿದ ಹಿರಿಯರು ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಾರೆ. ಹುಡುಗರು ಒಬ್ಬರನ್ನೊಬ್ಬರು ಕರೆಯುವುದು ಕೊಂಕಣಿಯಲ್ಲಿ, ಹಿರಿಯರು ಗದರುವುದು ಕನ್ನಡದಲ್ಲಿ. ‘ಕಬಡ್ಡಿ ಕಬಡ್ಡಿ’ ಎಂಬ ಆ ಒಂದು ಪದಕ್ಕೆ ಮಾತ್ರ ಅಲ್ಲಿ ಭಾಷೆಯ ಗೊಡವೆ ಇಲ್ಲ.

ಅಂಥ ಒಂದು ಸಂಜೆ ನಾವು ಕಂಡದ್ದನ್ನು ಇಲ್ಲಿ ಹೇಳಬೇಕಾಗಿದೆ. ಎರಡೂ ತಂಡಗಳ ಅಂಕ ಸಮವಾಗಿತ್ತು. ಕೊನೆಯ ದಾಳಿಗೆ ಬಂದ ಹುಡುಗ ಹಿಡಿತಕ್ಕೆ ಸಿಗದೆ ಹಿಂದಿರುಗಿದ. ಅವನ ಕೈ ಯಾರಿಗೂ ತಗುಲಲಿಲ್ಲವೆಂದೇ ಅಂಪೈರ್ ಆಗಿ ನಿಂತಿದ್ದ ಹಿರಿಯರು ಭಾವಿಸಿದರು. ನೆರೆದ ನಾವೆಲ್ಲರೂ ಹಾಗೆಯೇ ಭಾವಿಸಿದೆವು. ಆಗ ಎದುರು ತಂಡದ ಮೂಲೆಯಲ್ಲಿ ನಿಂತಿದ್ದ ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಕೈ ಎತ್ತಿ, ತಲೆ ತಗ್ಗಿಸಿಕೊಂಡು, ತಾನಾಗಿಯೇ ಗೆರೆ ದಾಟಿ ಹೊರಗೆ ಹೋದ. ಅವನ ತಂಡ ಒಂದು ಅಂಕದಿಂದ ಸೋತಿತು. ಅವನ ತಂದೆಗೆ ತಡೆಯಲಾಗಲಿಲ್ಲ. ‘ಅಂಪೈರ್ ನೋಡಿಲ್ಲ, ಮಂದಿ ನೋಡಿಲ್ಲ, ನೀ ಯಾಕ ಕೈ ಎತ್ತಿದಿ?’ ಎಂದು ಕೇಳಿದರು. ‘ನನಗ ತಗಲಿತ್ತಲ್ಲಪ್ಪ’ ಎಂದಷ್ಟೇ ಹುಡುಗ ಹೇಳಿದ. ತಂದೆ ಮಾತಿಲ್ಲದಾದರು, ನಾವೂ ಮಾತಿಲ್ಲದಾದೆವು.

ಯಾರೂ ಕಾಣದ ಸ್ಪರ್ಶವು ಸ್ಪರ್ಶವೇ? ಕಂಡವರಿಲ್ಲದ ಸತ್ಯಕ್ಕೆ ಅಂಕಪಟ್ಟಿಯಲ್ಲಿ ಸ್ಥಾನವುಂಟೇ? ಮನೆಗೆ ಹೋಗುವ ದಾರಿಯಲ್ಲಿ ನಮ್ಮೊಳಗೆ ಎದ್ದ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇತ್ತು. ಆ ಹುಡುಗನ ಸತ್ಯದ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ, ಉಳಿದ ಆರು ಮಂದಿಯೂ ತೆತ್ತರು. ಅವರನ್ನು ಕೇಳದೆ ಅವರ ಪಾಲಿನ ಗೆಲುವನ್ನು ಬಿಟ್ಟುಕೊಡಲು ಅವನಿಗೆ ಅಧಿಕಾರವಿತ್ತೇ? ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು, ಕಬಡ್ಡಿ ನಮ್ಮ ಬಯಲಿನಿಂದ ಜಗತ್ತಿನ ಅಂಕಣದವರೆಗೆ ನಡೆದ ದಾರಿಯನ್ನು ಒಮ್ಮೆ ನೋಡೋಣವೆಂಬುದು ನಮ್ಮ ಉದ್ದೇಶ.

ಮೊದಲು ಆಟವನ್ನೇ ನೋಡೋಣ. ಏಳು ಮಂದಿ ಇತ್ತ, ಏಳು ಮಂದಿ ಅತ್ತ, ನಡುವೆ ಒಂದು ಗೆರೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಚೆಂಡಿಲ್ಲ, ಕೋಲಿಲ್ಲ. ಇರುವುದು ಮೈ ಮತ್ತು ಉಸಿರು. ಎದುರಾಳಿಯ ನೆಲಕ್ಕೆ ಕಾಲಿಡುವವನಿಗೆ ಆಟವು ಮೂರು ಕಟ್ಟಳೆಗಳನ್ನು ವಿಧಿಸಿದೆ. ಒಂದು, ಅವನು ಅಲ್ಲಿ ಇರಬಹುದಾದದ್ದು ಒಂದು ಉಸಿರಿನಷ್ಟು ಹೊತ್ತು. ಇಂದಿನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದು 30 ಸೆಕೆಂಡು. ಎರಡು, ಅಲ್ಲಿರುವಷ್ಟು ಹೊತ್ತೂ ಅವನ ದನಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಬೇಕು. ದನಿ ಕಡಿದರೆ ಹಕ್ಕೂ ಕಡಿಯುತ್ತದೆ. ಮೂರು, ಗಳಿಸಿದ್ದು ಏನೇ ಇರಲಿ, ತನ್ನನ್ನು ಕಳುಹಿಸಿದವರ ನೆಲಕ್ಕೆ ಮರಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಪರರ ನೆಲದಲ್ಲಿ ಅಧಿಕಾರ ನಡೆಸುವವನಿಗೆ ಇದಕ್ಕಿಂತ ಚೆನ್ನಾದ ಸಂಹಿತೆಯನ್ನು ಯಾವ ರಾಜನೀತಿಯ ಗ್ರಂಥ ಹೇಳಬಲ್ಲುದು? ಅವಧಿಯ ಮಿತಿ, ಬಹಿರಂಗದ ಲೆಕ್ಕ, ಕಳುಹಿಸಿದವರಿಗೆ ಉತ್ತರದಾಯಿತ್ವ. ಇದನ್ನು ಬರೆದಿಟ್ಟ ಋಷಿ ಯಾರೂ ಇಲ್ಲ. ಹೊಲದ ಬದಿಯಲ್ಲಿ ಆಡಿದ ಮಕ್ಕಳು ಇದನ್ನು ಕಂಡುಕೊಂಡರು.

ಈ ಆಟದಲ್ಲಿ ಇನ್ನೊಂದು ಕರುಣೆಯಿದೆ. ಹೊರಗೆ ಹೋದವನು ಹೊರಗೇ ಉಳಿಯುವುದಿಲ್ಲ. ತಂಡದ ಇನ್ನೊಬ್ಬ ಅಂಕ ಗಳಿಸಿದಾಗ ಅವನು ಮರಳಿ ಒಳಗೆ ಬರುತ್ತಾನೆ. ಒಬ್ಬನ ಸೋಲನ್ನು ಇನ್ನೊಬ್ಬನ ಸಾಹಸ ತುಂಬಿಕೊಡುತ್ತದೆ. ದುಡಿಮೆ ಅರಸಿ ಗಡಿ ದಾಟಿ ಬಂದ ಕುಟುಂಬಗಳಿಗೆ ಈ ನಿಯಮವನ್ನು ಯಾರೂ ವಿವರಿಸಬೇಕಾಗಿಲ್ಲ. ಒಬ್ಬರಿಗೆ ಕೆಲಸ ತಪ್ಪಿದಾಗ ಇನ್ನೊಬ್ಬರ ಸಂಪಾದನೆಯಲ್ಲಿ ಒಲೆ ಉರಿದ ಮನೆಗಳು ನಮ್ಮಲ್ಲಿ ಬಹಳ.

ಹುತುತು, ಚಡುಗುಡು ಮುಂತಾಗಿ ಊರಿಗೊಂದು ಹೆಸರು, ಕೇರಿಗೊಂದು ಕಟ್ಟಳೆಯಿದ್ದ ಈ ಆಟ ಒಂದೇ ಕಟ್ಟಳೆಗೆ ಒಳಪಟ್ಟದ್ದು 20ನೆಯ ಶತಮಾನದಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಇದನ್ನು ವಿದೇಶದ ಜನರ ಮುಂದೆ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಒಕ್ಕೂಟ ರೂಪುಗೊಂಡಿತು. 1980ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಏಷ್ಯನ್ ಚಾಂಪಿಯನ್‌ಶಿಪ್ ನಡೆಯಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನವಾಗಿದ್ದ ಆಟ 1990ರ ಬೀಜಿಂಗ್ ಕೂಟದಲ್ಲಿ ಪದಕದ ಆಟವಾಯಿತು. 2010ರಲ್ಲಿ ಗುವಾಂಗ್‌ಝೌ ಕೂಟದಲ್ಲಿ ಮಹಿಳೆಯರಿಗೂ ಬಾಗಿಲು ತೆರೆಯಿತು. ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ 2004ರಲ್ಲೇ ಮುಂಬೈಯಲ್ಲಿ ಮೊದಲ ವಿಶ್ವಕಪ್ ನಡೆಯಿತು. ಈ ಪಯಣದಲ್ಲಿ ಕನ್ನಡಿಗರ ಹೆಜ್ಜೆಗಳೂ ಇವೆ. ಹೊನ್ನಪ್ಪ, ಬಿ.ಸಿ. ರಮೇಶ್, ತೇಜಸ್ವಿನಿ ಬಾಯಿ, ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ, ಇವರೆಲ್ಲ ಕಬಡ್ಡಿಯ ಅಂಗಳದಿಂದ ಅರ್ಜುನ ಪ್ರಶಸ್ತಿಯವರೆಗೆ ನಡೆದವರು.

ಆಟ ನಮ್ಮದು, ಆದ್ದರಿಂದ ಗೆಲುವೂ ನಮ್ಮದು ಎಂದು ನಾವು ಬಹುಕಾಲ ನಂಬಿದ್ದೆವು. 1990ರಿಂದ 2014ರವರೆಗಿನ ಏಳು ಏಷ್ಯನ್ ಕೂಟಗಳಲ್ಲಿ ಪುರುಷರ ಚಿನ್ನ ಬೇರೆ ಯಾರಿಗೂ ದಕ್ಕಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಜಕಾರ್ತಾದಲ್ಲಿ ಆ ನಂಬಿಕೆ ಮುರಿಯಿತು. ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನಿಗೆ 27–18ರಿಂದ ಸೋತಿತು. ಮರುದಿನ ಮಹಿಳೆಯರ ತಂಡ ಫೈನಲ್‌ನಲ್ಲಿ ಅದೇ ಇರಾನಿಗೆ 27–24ರಿಂದ ಸೋತಿತು. ಇರಾನಿನ ಆ ಹೆಣ್ಣುಮಕ್ಕಳನ್ನು ತರಬೇತುಗೊಳಿಸಿದವರು ಮಹಾರಾಷ್ಟ್ರದ ನಾಸಿಕದ ಶೈಲಜಾ ಜೈನ್. ತನ್ನ ದೇಶದ ಎದುರು ನಿಂತು ಗೆದ್ದ ಗುರುವನ್ನು ನಾವು ಏನೆಂದು ಕರೆಯಬೇಕು?

ಈ ಪ್ರಶ್ನೆ ನಮಗೆ ದೂರದ್ದಲ್ಲ. ನಮ್ಮ ಮಕ್ಕಳು ಗೋವೆಯ ಶಾಲೆಗಳಲ್ಲಿ ಕಲಿತು, ಗೋವೆಯ ನೀರು ಕುಡಿದು ಬೆಳೆದವರು. ನಾಳೆ ಅವರಲ್ಲಿ ಒಬ್ಬ ಗೋವಾ ತಂಡದ ಅಂಗಿ ತೊಟ್ಟು ಕರ್ನಾಟಕದ ಎದುರು ದಾಳಿಗೆ ಇಳಿದರೆ ನಮ್ಮ ಚಪ್ಪಾಳೆ ಯಾರಿಗೆ? 2023ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಗೋವೆಯಲ್ಲೇ ನಡೆದಾಗ ನಮ್ಮ ಮನೆಗಳಲ್ಲಿ ಈ ಚರ್ಚೆ ನಗೆಮಾತಾಗಿ ಬಂದಿತ್ತು. ನಗೆಯ ಅಡಿಯಲ್ಲಿ ಸ್ವಲ್ಪ ನೋವೂ ಇತ್ತು. ನಮ್ಮ ಉತ್ತರ ಹೀಗಿದೆ. ವಿದ್ಯೆ ತನ್ನಲ್ಲಿದ್ದುದನ್ನು ಕೇಳಿಬಂದವರಿಗೆ ಕೊಡುವುದರಿಂದ ತಾಯ್ನೆಲಕ್ಕೆ ದ್ರೋಹವಾಗುವುದಿಲ್ಲ. ಕಲಿಸುವಾಗ ಅರ್ಧ ಅಡಗಿಸಿಟ್ಟರೆ ಅದು ವಿದ್ಯೆಗೆ ದ್ರೋಹ. ಪ್ರೊ ಕಬಡ್ಡಿಯ ಹತ್ತನೆಯ ಆವೃತ್ತಿಯನ್ನು 2024ರ ಮಾರ್ಚ್‌ನಲ್ಲಿ ಗೆದ್ದ ಪುಣೆಯ ತಂಡಕ್ಕೆ ಗುರುವಾಗಿದ್ದವರು ಕನ್ನಡಿಗ ಬಿ.ಸಿ. ರಮೇಶ್, ಅದರ ಆಧಾರಸ್ತಂಭಗಳಲ್ಲಿ ಒಬ್ಬ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ. ಆ ಗೆಲುವಿನಲ್ಲಿ ಕರ್ನಾಟಕದ ಪಾಲೆಷ್ಟು, ಮಹಾರಾಷ್ಟ್ರದ ಪಾಲೆಷ್ಟು, ಇರಾನಿನ ಪಾಲೆಷ್ಟು ಎಂದು ತೂಗುವ ತಕ್ಕಡಿ ಎಲ್ಲಿದೆ? ಒಂದು ವಸ್ತು ನಮ್ಮಲ್ಲಿ ಹುಟ್ಟಿತು ಎಂಬುದು ಅದರ ಮೇಲೆ ನಮಗೆ ಒಡೆತನ ಕೊಡುವುದಿಲ್ಲ. ಅದನ್ನು ಹಸನಾಗಿ ಹಂಚುವ ಹೊಣೆಯನ್ನು ಕೊಡುತ್ತದೆ.

ಹಂಚಿಕೊಂಡದ್ದಕ್ಕೆ ಒಂದೇ ಗೆರೆ ಇರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ನಗರದಲ್ಲಿ ಜಗತ್ತು ನೋಡಿತು. ಏಷ್ಯನ್ ಕೂಟದ ಪುರುಷರ ಫೈನಲ್. ಭಾರತ ಮತ್ತು ಇರಾನ್ 28–28ರಲ್ಲಿ ಸಮ. ಉಳಿದದ್ದು ಒಂದು ನಿಮಿಷದಷ್ಟು. ದಾಳಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟುವ ಮೊದಲೇ ಬದಿಯ ಲಾಬಿಗೆ ಕಾಲಿಟ್ಟರು; ಅವರನ್ನು ಹಿಡಿಯಲು ಇರಾನಿನ ನಾಲ್ವರು ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ದಾಳಿಗಾರನೂ ಹೊರಗೆ, ಬೆನ್ನಟ್ಟಿ ಲಾಬಿಗೆ ಬಂದ ನಾಲ್ವರೂ ಹೊರಗೆ. ನಮ್ಮ ಲೀಗಿನಲ್ಲಿ ರೂಢಿಗೆ ಬಂದಿದ್ದ ಹೊಸ ನಿಯಮದಂತೆ ದಾಳಿಗಾರ ಲಾಬಿಗೆ ಕಾಲಿಟ್ಟ ಕ್ಷಣವೇ ದಾಳಿ ಮುಗಿಯಿತು, ಮುಂದಿನದ್ದು ಲೆಕ್ಕಕ್ಕಿಲ್ಲ. ತೀರ್ಪು ಅತ್ತಿಂದಿತ್ತ ತೂಗಾಡಿತು. ಒಮ್ಮೆ ಈ ತಂಡ, ಒಮ್ಮೆ ಆ ತಂಡ ಅಂಕಣದಲ್ಲೇ ಕುಳಿತು ಪ್ರತಿಭಟಿಸಿತು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಅಂಕವೆಂದು ತೀರ್ಮಾನವಾಗಿ ಭಾರತ 33–29ರಿಂದ ಚಿನ್ನ ಗೆದ್ದಿತು.

ನಾವು ಸಂತೋಷಪಟ್ಟೆವು, ಅದನ್ನು ಮುಚ್ಚಿಡುವುದು ಬೇಡ. ಲಿಖಿತ ನಿಯಮವನ್ನು ಮುಂದಿಟ್ಟು ನ್ಯಾಯ ಕೇಳಿದ ಆಟಗಾರರ ಮೇಲೆ ತಪ್ಪಿಲ್ಲ. ಸೋತವರು ಕುಣಿಯಲಾರದೆ ನೆಲ ಡೊಂಕೆಂದರು ಎಂದು ಹಾಸ್ಯ ಮಾಡುವುದೂ ಸುಲಭ. ಆದರೆ ಅಂದು ನೆಲ ನಿಜವಾಗಿಯೂ ಡೊಂಕಾಗಿತ್ತು. ಇರಾನಿನ ಹಲವು ಆಟಗಾರರು ವರ್ಷವರ್ಷವೂ ನಮ್ಮ ಲೀಗಿಗೇ ಬಂದು ನಮ್ಮ ಹೊಸ ನಿಯಮದಲ್ಲೇ ಪಳಗಿದವರು. ಮನೆಯಂಗಳದಲ್ಲಿ ಒಂದು ಗೆರೆ, ಹೊರಗಿನ ಅಂಗಳದಲ್ಲಿ ಇನ್ನೊಂದು ಗೆರೆ ಇದ್ದಾಗ ತಪ್ಪು ಓಡಿದ ಹುಡುಗರದೂ ಅಲ್ಲ, ಬೆನ್ನಟ್ಟಿದ ಹುಡುಗರದೂ ಅಲ್ಲ. ಎರಡು ಗೆರೆಗಳು ಒಟ್ಟಿಗೆ ಉಳಿಯಲು ಬಿಟ್ಟವರದು. ಕೌರವರ ಸಭೆಯ ದ್ಯೂತವನ್ನು ನಾವು ಅಧರ್ಮವೆನ್ನುವುದು ದಾಳದಲ್ಲಿ ಮೋಸವಿತ್ತೆಂಬ ಕಾರಣಕ್ಕೆ ಮಾತ್ರವಲ್ಲ. ಸಭೆಯೂ ಅವರದೇ, ದಾಳವೂ ಅವರದೇ, ತೀರ್ಪು ಹೇಳಬೇಕಾದ ಹಿರಿಯರೂ ಅವರ ಅನ್ನದ ಋಣದಲ್ಲಿದ್ದವರೇ ಆಗಿದ್ದರು. ಆಟ ಹುಟ್ಟಿದ ಮನೆಯವರು ನಾವೆಂಬ ಕಾರಣಕ್ಕೆ ಈ ಎಚ್ಚರ ನಮಗೆ ಹೆಚ್ಚು ಬೇಕು.

ಗೆರೆ ಎಳೆಯುವವರ ವಿಷಯಕ್ಕೆ ಈಗ ಬರೋಣ. ರಾಜಸ್ಥಾನದ ಜನಾರ್ದನ ಸಿಂಗ್ ಗೆಹ್ಲೋಟ್ ಅವರು ಸುಮಾರು ಮೂರು ದಶಕ ಭಾರತದ ಒಕ್ಕೂಟವನ್ನು ಮುನ್ನಡೆಸಿದರು. ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರೂ ಆದರು. ಹಳ್ಳಿಯ ಆಟವನ್ನು ಏಷ್ಯನ್ ಕೂಟದವರೆಗೆ ಕೊಂಡೊಯ್ದುದರಲ್ಲಿ ಅವರ ದುಡಿಮೆ ದೊಡ್ಡದು. ಅದನ್ನು ಮರೆತರೆ ನಾವು ಕೃತಘ್ನರಾಗುತ್ತೇವೆ. ಆದರೆ ಮುಂದೆ ಅವರು ಆಜೀವ ಅಧ್ಯಕ್ಷರೆನಿಸಿದರು, ಅವರ ಪತ್ನಿ ಅಧ್ಯಕ್ಷೆಯಾದರು. ಒಂದು ಉಸಿರಿಗಿಂತ ಹೆಚ್ಚು ಹೊತ್ತು ನಿಲ್ಲಬಾರದೆಂಬ ಆಟಕ್ಕೆ ಆಜೀವ ಅಧ್ಯಕ್ಷತೆ! ಮಾಜಿ ಆಟಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರಲ್ಲಿ ನಮ್ಮ ಹೊನ್ನಪ್ಪ ಗೌಡರೂ ಒಬ್ಬರು. 2018ರ ಆಗಸ್ಟ್‌ನಲ್ಲಿ, ಜಕಾರ್ತಾದ ಸೋಲಿಗೆ ಕೆಲವೇ ದಿನ ಮೊದಲು, ದೆಹಲಿ ಹೈಕೋರ್ಟ್ ಆ ನೇಮಕಗಳನ್ನು ರದ್ದುಪಡಿಸಿ ಒಕ್ಕೂಟವನ್ನು ಆಡಳಿತಾಧಿಕಾರಿಯ ಕೈಗೆ ಒಪ್ಪಿಸಿತು.

ತಂಡದ ಆಯ್ಕೆ ನ್ಯಾಯವಾಗಿ ನಡೆಯಿತೇ ಎಂಬ ದೂರಿಗೆ ನ್ಯಾಯಾಲಯವು ಅಪರೂಪದ ದಾರಿಯೊಂದನ್ನು ತೋರಿಸಿತು. ಏಷ್ಯನ್ ಕೂಟಕ್ಕೆ ಹೋಗಿಬಂದವರೂ, ತಮಗೆ ಅನ್ಯಾಯವಾಯಿತೆಂದು ಹೇಳುವ ಪಕ್ಷದವರ ತಂಡವೂ ಎದುರುಬದುರಾಗಿ ಆಡಲಿ ಎಂದಿತು. 2018ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಅಂಕಣ ಸಿದ್ಧವಾಯಿತು. ಒಂದು ತಂಡ ಬಂದು ಕಾಯಿತು. ಏಷ್ಯನ್ ಕೂಟದ ತಂಡ ಬರಲಿಲ್ಲ. ಆ ಖಾಲಿ ಅರ್ಧ ಅಂಕಣದ ಚಿತ್ರ ನಮ್ಮ ಮನಸ್ಸಿನಿಂದ ಮಾಸುವುದಿಲ್ಲ. ದನಿ ಕಡಿದ ದಾಳಿ ಎಂದರೆ ಇದೇ ಅಲ್ಲವೇ? ಪ್ರಶ್ನೆ ಕೇಳಿದಾಗ ಬಹಿರಂಗಕ್ಕೆ ಬರದ ಅಧಿಕಾರವು ಗೆದ್ದರೂ ಅಂಕ ಗಳಿಸುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ವಾದ ಸುಲಭವಾಗುತ್ತಿತ್ತು. ಬದುಕು ಅಷ್ಟು ಸುಲಭವಲ್ಲ. ಶುದ್ಧೀಕರಣಕ್ಕೂ ಬೆಲೆಯಿದೆ. ಒಕ್ಕೂಟವನ್ನು ಚುನಾಯಿತರ ಬದಲು ನ್ಯಾಯಾಲಯ ನೇಮಿಸಿದವರು ನಡೆಸುತ್ತಿದ್ದಾರೆಂಬ ಕಾರಣ ಹೇಳಿ ಅಂತರರಾಷ್ಟ್ರೀಯ ಒಕ್ಕೂಟವು ಭಾರತದ ಮಾನ್ಯತೆಯನ್ನು ತಡೆಹಿಡಿಯಿತು. ವರ್ಷಗಟ್ಟಲೆ ಬೆವರು ಸುರಿಸಿದ ಹೆಣ್ಣುಮಕ್ಕಳು ಏಷ್ಯನ್ ಚಾಂಪಿಯನ್‌ಶಿಪ್ ಕೈತಪ್ಪುವ ಭಯದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾಯಿತ ಮಂಡಳಿಗೆ ಹೊಣೆ ಒಪ್ಪಿಸುವಂತೆ ಹೇಳಿ ಆಟಗಾರರ ದಾರಿ ತೆರೆಯಿತು. ಮಾರ್ಚ್‌ನಲ್ಲಿ ತೆಹರಾನ್ ನಗರದಲ್ಲಿ ಅವರು ಇರಾನನ್ನು ಅದರ ನೆಲದಲ್ಲೇ 32–25ರಿಂದ ಸೋಲಿಸಿ ಬಂದರು. ಹಿರಿಯರ ಜಗಳದಲ್ಲಿ ಕಿರಿಯರ ಆಯುಷ್ಯ ಕರಗಬಾರದು ಎಂಬ ವಿವೇಕ ಆ ಆದೇಶದಲ್ಲಿತ್ತೆಂದು ನಾವು ಭಾವಿಸುತ್ತೇವೆ. ದಾಳಿಗಾರನ ಕಾಲಿನ ಬಲ ಹತ್ತು ಹನ್ನೆರಡು ವರ್ಷದ್ದು; ಪದಾಧಿಕಾರಿಯ ಕುರ್ಚಿಗೆ ಮುಪ್ಪಿಲ್ಲ.

ಒಬ್ಬ ಮಿತ್ರರು ಕೇಳಬಹುದು: ಆಳುವವರು ಸರಿಯಿಲ್ಲದಿದ್ದರೆ ಬೇರೆ ಸಂಸ್ಥೆ ಕಟ್ಟಿ ಆಡಿದರಾಯಿತಲ್ಲ? ಅದೂ ನಡೆದಿದೆ. 2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಅಂತರರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲಿ ವಿಶ್ವಕಪ್ ನಡೆಯಿತು. ಅಲ್ಲೂ ಭಾರತ ಗೆದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಢಾಕಾದಲ್ಲಿ ಮಹಿಳೆಯರ ವಿಶ್ವಕಪ್ ನಡೆದು ಭಾರತ ಚೀನೀ ತೈಪೆಯನ್ನು 35–28ರಿಂದ ಮಣಿಸಿತು. ಪಂಜಾಬಿನ ವೃತ್ತಾಕಾರದ ಅಂಕಣದ ಕಬಡ್ಡಿಗೆ ಇನ್ನೊಂದು ವಿಶ್ವಕಪ್ ಇದೆ. ವಿಶ್ವಗಳು ಇಷ್ಟಾದರೆ ವಿಶ್ವವಿಜೇತರೆಂಬ ಮಾತಿಗೆ ಬೆಲೆ ಉಳಿಯುವುದು ಕಷ್ಟ. ಪ್ರತಿಯೊಬ್ಬನೂ ತನ್ನದೇ ಸುಣ್ಣದ ಡಬ್ಬಿ ಹಿಡಿದು ಗೆರೆ ಎಳೆಯತೊಡಗಿದರೆ ಬಯಲೆಲ್ಲ ಗೆರೆಯಾಗುತ್ತದೆ, ಆಡಲು ಜಾಗ ಉಳಿಯುವುದಿಲ್ಲ. ಒಲಿಂಪಿಕ್ಸ್ ಬಾಗಿಲು ಕಬಡ್ಡಿಗೆ ಇನ್ನೂ ತೆರೆಯದಿರುವಾಗ ಈ ಒಡಕು ಯಾರಿಗೆ ಹಿತ? ಆದ್ದರಿಂದ ಸಂಸ್ಥೆ ಒಂದೇ ಇರಲಿ; ಆದರೆ ಅದು ಆಟದ ಮೂರು ಕಟ್ಟಳೆಗಳಿಗೆ ತಾನೂ ತಲೆಬಾಗಲಿ.

ಹುಡುಗನ ಪ್ರಶ್ನೆಗೆ ಈಗ ಮರಳಬಹುದು. ಆಟ ನಿಂತಿರುವುದು ಎರಡು ಆಧಾರಗಳ ಮೇಲೆ: ಎಲ್ಲರೂ ಒಪ್ಪಿದ ಗೆರೆ ಮತ್ತು ಸ್ಪರ್ಶ ತಿಳಿದವನ ಪ್ರಾಮಾಣಿಕತೆ. ಎರಡನೆಯದು ಕುಗ್ಗಿದಷ್ಟೂ ಅಂಪೈರುಗಳು ಹೆಚ್ಚುತ್ತಾರೆ. ಅಂಪೈರ್ ಸಾಲದಾದಾಗ ಕ್ಯಾಮೆರಾ ಬರುತ್ತದೆ. ಕ್ಯಾಮೆರಾದ ಚಿತ್ರಕ್ಕೆ ಅರ್ಥ ಹೇಳುವವರ ಮೇಲೆ ಸಂಶಯ ಬಂದಾಗ ಸಮಿತಿ, ಸಮಿತಿಯ ಮೇಲೆ ಸಂಶಯ ಬಂದಾಗ ನ್ಯಾಯಾಲಯ. ಹಾಂಗ್‌ಝೌ ಅಂಕಣದಲ್ಲಿ ಎಲ್ಲ ಕೋನಗಳ ಚಿತ್ರಗಳೂ ಇದ್ದವು. ಆದರೂ ಒಂದು ಗಂಟೆ ಯಾರಿಗೂ ಉತ್ತರ ತಿಳಿಯಲಿಲ್ಲ. ಚಿಂಬಲ್‌ನ ಬಯಲಿನಲ್ಲಿ ಒಂದೂ ಕ್ಯಾಮೆರಾ ಇರಲಿಲ್ಲ. ಒಂದು ಕ್ಷಣದಲ್ಲಿ ಉತ್ತರ ಸಿಕ್ಕಿತು. ಸಂಸ್ಥೆಗಳಿಗೆ ಹುಡುಗನ ಹಾಗೆ ಅಂತಃಸಾಕ್ಷಿ ಇರುವುದಿಲ್ಲ, ನಿಜ. ಆದ್ದರಿಂದಲೇ ಅವುಗಳಿಗೆ ಅವಧಿ ಬೇಕು, ಬಹಿರಂಗದ ಲೆಕ್ಕ ಬೇಕು, ಮರಳಿ ಬಂದು ಉತ್ತರ ಹೇಳುವ ನೆಲ ಬೇಕು.

ಉಳಿದ ಆರು ಮಂದಿಗೆ ಅನ್ಯಾಯವಾಯಿತೇ? ಆಗಲಿಲ್ಲ ಎಂಬುದು ನಮ್ಮ ನಿಲುವು. ಅವನು ಬಿಟ್ಟುಕೊಟ್ಟ ಅಂಕ ಅವರದಾಗಿರಲೇ ಇಲ್ಲ. ಇಲ್ಲದ್ದನ್ನು ಕಳೆದುಕೊಳ್ಳಲು ಬರುವುದಿಲ್ಲ. ಅವರು ಕಳೆದುಕೊಂಡದ್ದು ಒಂದು ಸುಳ್ಳಿನಲ್ಲಿ ಪಾಲುದಾರರಾಗುವ ಅವಕಾಶವನ್ನು ಮಾತ್ರ.

ಪರರ ಲೆಕ್ಕ ಕೇಳುವಾಗ ನಮ್ಮ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳುವುದು ಲೇಸು. ನಾವು ಹೊರನಾಡಿನಲ್ಲಿ ಕಟ್ಟಿಕೊಂಡ ಸಂಘಗಳಲ್ಲಿ ಅದೇ ಪದಾಧಿಕಾರಿಗಳು ವರ್ಷಾನುವರ್ಷ ಮುಂದುವರಿದದ್ದಿಲ್ಲವೇ? ‘ಬೇರೆ ಯಾರೂ ಮುಂದೆ ಬರುವುದಿಲ್ಲ’ ಎಂದು ನಾವೇ ನಮಗೆ ಸಮಾಧಾನ ಹೇಳಿಕೊಂಡಿಲ್ಲವೇ? ವಾರ್ಷಿಕ ಲೆಕ್ಕಪತ್ರವನ್ನು ಊಟದ ಎಲೆ ಹಾಕಿದ ಹೊತ್ತಿಗೆ ಅವಸರದಲ್ಲಿ ಓದಿ ಚಪ್ಪಾಳೆ ಹೊಡೆಸಿಕೊಂಡದ್ದಿಲ್ಲವೇ? ಅದು ಕಳ್ಳತನವೆಂದು ನಾವು ಹೇಳುತ್ತಿಲ್ಲ. ದನಿ ತಗ್ಗಿದ ದಾಳಿ ಎನ್ನುತ್ತಿದ್ದೇವೆ. ಬಳಲಿದವನು ಮರಳಿ ಬಂದರೆ ಹಿಂದೆ ನಿಂತವನಿಗೆ ಸರದಿ ಸಿಗುತ್ತದೆ. ಈ ಸಮ್ಮೇಳನದಲ್ಲಿ ಹೊಸ ಕೈಗಳು ಮುಂದೆ ಬಂದಿರುವುದನ್ನು ಕಂಡಾಗ ನಮಗೆ ಆದ ಸಂತೋಷಕ್ಕೆ ಕಾರಣ ಇದೇ.

ಆ ಭಾನುವಾರದ ಮುಂದಿನ ವಾರ ನಾವು ಮತ್ತೆ ಬಯಲಿಗೆ ಹೋದೆವು. ಆ ಹುಡುಗನ ತಂದೆ ಎಲ್ಲರಿಗಿಂತ ಮೊದಲು ಬಂದಿದ್ದರು. ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ. ಒಬ್ಬರೇ ಬಗ್ಗಿ, ಕಟ್ಟಡಕ್ಕೆ ದಾರ ಹಿಡಿಯುವ ಮೇಸ್ತ್ರಿಯ ಎಚ್ಚರಿಕೆಯಲ್ಲಿ, ನಡುಗೆರೆಯನ್ನು ನೇರ ಮಾಡುತ್ತಿದ್ದರು. ಹುಡುಗರು ಬಂದು ಎರಡೂ ಬದಿಯಲ್ಲಿ ನಿಂತರು. ‘ಈಗ ಆಡ್ರಿ, ಗೆರಿ ನೆಟ್ಟಗೈತಿ’ ಎಂದು ಹೇಳಿ ಅವರು ಅಂಚಿಗೆ ಸರಿದು ಕುಳಿತರು.